ಇವತ್ತಿನ ತಾರೀಖು

ನನ್ನ ಚಿಕ್ಕವ್ವನ ಬಲಗಣ್ಣು ಹೋದದ್ದು ಯಾರಿಂದ ಎಂದು ಕೇಳಿದರೆ ನಮ್ಮ ನೆಂಟರಲ್ಲಿ ಹೆಚ್ಚಿನವರು ಹಣೆಬರಹ ಎನ್ನುತ್ತಾರೆ. ಕೆಲವರು ಸಕ್ಕರೆ ಕಾಯಿಲೆ ಎನ್ನುತ್ತಾರೆ, ಅವಳಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಒಂದಿಬ್ಬರು ನನ್ನ ಮುಖ ನೋಡಿ ಮಾತು ಬದಲಾಯಿಸುತ್ತಾರೆ. ಅವರು ಏನು ಯೋಚಿಸುತ್ತಾರೆಂದು ನನಗೆ ಗೊತ್ತು. ಕಂಪ್ಯೂಟರ್ ನೋಡಿಕೊಂಡು ಬಂದವಳು ಇವಳೇ ಅಲ್ಲವೇ ಎಂದು. ಹೌದು, ನಾನೇ. ಆದರೆ ತಪ್ಪು ನನ್ನದಲ್ಲ. ಇಷ್ಟು ವರ್ಷಗಳ ಮೇಲೂ ನಾನು ಆ ತಪ್ಪನ್ನು ನನ್ನ ಮೈಮೇಲೆ ಎಳೆದುಕೊಳ್ಳಲು ಸಿದ್ಧಳಿಲ್ಲ.

ಇದು ಎರಡು ಸಾವಿರದ ದಶಕದ ಕೊನೆಯ ವರ್ಷಗಳ ಮಾತು. ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಚಿಕ್ಕವ್ವ ಮಾದಿಹಳ್ಳಿಯಲ್ಲಿದ್ದಳು, ಅಂಗನವಾಡಿ ಕಾರ್ಯಕರ್ತೆ. ನನ್ನ ಅವ್ವ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳೇ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು, ಮಕ್ಕಳಿರಲಿಲ್ಲ. ಐವತ್ತು ದಾಟಿದ ಮೇಲೆ ಒಂದು ಟಿವಿಎಸ್ ಮೊಪೆಡ್ ತೆಗೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗನವಾಡಿಗೂ ಹಳೇಬೀಡಿನ ಸಂತೆಗೂ ಅದರಲ್ಲೇ ಓಡಾಡುತ್ತಿದ್ದಳು. ಶುರುವಿನಲ್ಲಿ ಊರಿನ ಗಂಡಸರು ನಕ್ಕರು. ಆಮೇಲೆ ಅವರ ಹೆಂಡತಿಯರು ಅವಳ ಹಿಂದೆ ಕೂತು ಸಂತೆಗೆ ಬರತೊಡಗಿದರು, ನಗು ನಿಂತಿತು.

ನಮ್ಮ ಮನೆಯಲ್ಲಿ ಬರೆದದ್ದಕ್ಕೆ ಒಂದು ಬೆಲೆ ಇತ್ತು. ಅಜ್ಜನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಊರಿನವರು ಬಾಯಲ್ಲಿ ಹೇಳಿದ ಯಾವ ಮಾತೂ ನಮ್ಮ ಕೇರಿಯವರ ಪಾಲಿಗೆ ಉಳಿದದ್ದಿಲ್ಲ. ಕೊಡುತ್ತೇವೆ ಎಂದ ಜಮೀನು ಕೊಡಲಿಲ್ಲ, ಬಿಡುತ್ತೇವೆ ಎಂದ ದಾರಿ ಬಿಡಲಿಲ್ಲ. ನಮಗೆ ಏನಾದರೂ ಸಿಕ್ಕಿದ್ದರೆ ಅದು ಕಾಗದದಲ್ಲಿ ಬರೆದಿದ್ದರಿಂದ ಸಿಕ್ಕಿದ್ದು. ಪಹಣಿ, ಜಾತಿ ಪ್ರಮಾಣಪತ್ರ, ಚಿಕ್ಕವ್ವನ ನೇಮಕದ ಆದೇಶ, ನನ್ನ ಆದೇಶ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಪೆಟ್ಟಿಗೆಯಲ್ಲಿ ಈ ಕಾಗದಗಳು. ಹಾಗಾಗಿ ಬರೆದದ್ದು ಎಂದರೆ ನಾವು ನಂಬುವವರು. ಪರದೆಯ ಮೇಲೆ ಬರೆದದ್ದೂ ಬರೆದದ್ದೇ ಎಂದುಕೊಂಡೆವು.

ಒಂದು ಸೋಮವಾರ ಸಂಜೆ ಚಿಕ್ಕವ್ವ ನಮ್ಮ ಮನೆಗೆ ಬಂದು ಗಾಡಿ ನಿಲ್ಲಿಸಿದವಳು ಬಾಗಿಲಲ್ಲೇ ನಿಂತು ಬಲಗಣ್ಣು ಉಜ್ಜಿಕೊಂಡಳು.

"ಬೆಳಗ್ಗಿಂದ ಕಣ್ಣಾಗೆ ಮಸಿ ಚೂರು ಹಾರಾಡ್ದಂಗೆ ಆಯ್ತೈತೆ ಕಣೆ. ತೊಳ್ದೆ, ಹೋಗ್ನಿಲ್ಲ. ಆಗಾಗ ಮಿಂಚು ಹೊಡ್ದಂಗೂ ಆಯ್ತದೆ. ಈಗ ಬಲಗಡೆ ಮೂಲೇಲಿ ಯಾರೋ ಪರದೆ ಇಳಿಬಿಟ್ಟಂಗೆ."

ಮರುದಿನ ಶಾಲೆಗೆ ರಜೆ ಹಾಕಿ ಬೇಲೂರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಟಾರ್ಚು ಹಿಡಿದು ನೋಡಿದರು, ಬೆರಳು ಎಣಿಸಿ ಎಂದರು. ಚಿಕ್ಕವ್ವ ಸರಿಯಾಗಿ ಎಣಿಸಿದಳು.

"ಕಣ್ಣಿನ ಹಿಂದಿನ ಪರದೆ ಕಿತ್ಕೊಳ್ತಾ ಇರೋ ಹಾಗಿದೆ. ಇದು ರೆಟಿನಾ ಡಾಕ್ಟರ್ ಕೆಲಸ, ನನ್ನ ಕೈಲಾಗೋದಲ್ಲ. ಮಧ್ಯದ ದೃಷ್ಟಿ ಇನ್ನೂ ಚೆನ್ನಾಗಿದೆ. ಅದು ಹೋಗೋಕೆ ಮುಂಚೆ ತೋರಿಸಿ. ತಡ ಮಾಡಬೇಡಿ."

"ಎಲ್ಲಿಗೆ ಹೋಗ್ಬೇಕು ಸಾರ್?"

"ಬೆಂಗಳೂರಲ್ಲಂತೂ ಇದ್ದಾರೆ. ಹತ್ತಿರದಲ್ಲಿ ಯಾರಾದ್ರೂ ಇದ್ದಾರಾ ವಿಚಾರಿಸಿ. ನಾನು ಈ ಕಡೆಗೆ ಬಂದು ತಿಂಗಳಾಯ್ತು ಅಷ್ಟೆ."

ವಿಚಾರಿಸುವುದು ಎಲ್ಲಿ? ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಬರುವ ವಿದೇಶಿಯರು ಈಮೇಲ್ ನೋಡಿಕೊಳ್ಳಲಿ ಎಂದು ಒಬ್ಬರು ಸೈಬರ್ ಸೆಂಟರ್ ತೆರೆದಿದ್ದರು. ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಲು ನಾನು ಅಲ್ಲಿಗೆ ಹೋಗುತ್ತಿದ್ದೆ. ಚಿಕ್ಕವ್ವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹುಡುಕಿದೆ. ಒಂದು ವೆಬ್‌ಸೈಟ್ ಸಿಕ್ಕಿತು. ಆಸ್ಪತ್ರೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ ತೋರಿಸುವ ಸೈಟು. ಯಾವ ಆಸ್ಪತ್ರೆಯಲ್ಲಿ ಯಾವ ಡಾಕ್ಟರು, ಯಾವ ವಾರ ಬರುತ್ತಾರೆ, ಏನೇನು ಚಿಕಿತ್ಸೆ ಇದೆ, ರೋಗಿಗಳು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ, ಎಲ್ಲ. ಇದ್ದದ್ದಕ್ಕೆ ಹಸಿರು ಗುರುತು, ಇಲ್ಲದ್ದಕ್ಕೆ ಕೆಂಪು ಅಡ್ಡಗೆರೆ. ಪುಟದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಇಂಥ ತಾರೀಖಿನವರೆಗೆ ಪರಿಷ್ಕರಿಸಿದ ಮಾಹಿತಿ ಎಂದಿತ್ತು. ಆ ತಾರೀಖು ಅದೇ ದಿನದ್ದು, ಮಂಗಳವಾರದ್ದು. ನಾನು ಅದನ್ನು ನೋಡಿದೆ. ನೋಡಿಯೇ ನಂಬಿದೆ. ಇವತ್ತು ಬೆಳಗ್ಗೆ ಯಾರೋ ಕೂತು ಸರಿ ಮಾಡಿದ್ದಾರೆ ಎಂದುಕೊಂಡೆ.

ನಮಗೆ ಹತ್ತಿರದ ಊರೆಂದರೆ ಹಾಸನ. ಹಾಸನದ ಕಣ್ಣಾಸ್ಪತ್ರೆಯ ಮುಂದೆ ರೆಟಿನಾ ಎಂಬಲ್ಲಿ ಕೆಂಪು ಗೆರೆ. ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯ ಮುಂದೆ ಹಸಿರು. ರೆಟಿನಾ ತಜ್ಞರು ಪ್ರತಿ ಗುರುವಾರ, ನಾಲ್ಕು ನಕ್ಷತ್ರ. ಬೆಂಗಳೂರಿನವಕ್ಕೆ ಎಲ್ಲಕ್ಕೂ ಹಸಿರು, ಎಲ್ಲ ದಿನವೂ.

"ಚಿಕ್ಕವ್ವ, ಇವತ್ತೇ ಬೆಂಗಳೂರಿಗೆ ಹೋಗೋಣ್ವಾ? ಇಲ್ಲಾಂದ್ರೆ ಗುರುವಾರ ಅರಸೀಕೆರೇಲಿ ಇದ್ದಾರೆ ಅಂತ ಐತೆ."

"ಬೆಂಗ್ಳೂರಲ್ಲಿ ನಮಗ್ಯಾರವ್ರೆ ಮಗ? ಎಲ್ಲಿ ಇಳ್ಕೊಳಾದು? ಇವತ್ತಿಂದೇ ತಾರೀಖು ಹಾಕವ್ರೆ ಅಂತೀಯ. ಗುರುವಾರಾನೆ ಹೋಗಾನ."

ಆ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದೆ. ಸಿಗಲಿಲ್ಲ. ನಮ್ಮ ಕಡೆಯ ಲೈನುಗಳು ಸಿಗದಿರುವುದು ಹೊಸದೇನಲ್ಲ, ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ.

ಬುಧವಾರ ಚಿಕ್ಕವ್ವ ನಮ್ಮ ಮನೆಯಲ್ಲೇ ಉಳಿದಳು. ಸಂಜೆ ಅಕ್ಕಿ ಆರಿಸುತ್ತಾ ಕೂತವಳು ಮೊರವನ್ನು ಎಡಗಡೆಗೆ ಎಡಗಡೆಗೆ ಜರುಗಿಸುತ್ತಿದ್ದಳು. ಗುರುವಾರ ಬೆಳಗ್ಗೆ ಮುಖ ತೊಳೆದು ಬಂದು, ಎಡಗಣ್ಣು ಕೈಯಿಂದ ಮುಚ್ಚಿಕೊಂಡು ನನ್ನ ಕಡೆ ನೋಡಿ, "ನಿನ್ ಮೊಕ ಕಾಣಾಕಿಲ್ಲ ಕಣೆ" ಎಂದಳು.

ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿ, ಬಾಣಾವರದಲ್ಲಿ ಇಳಿದು ಇನ್ನೊಂದು ಹಿಡಿದು ಅರಸೀಕೆರೆಗೆ ಹೋದೆವು. ಆಸ್ಪತ್ರೆ ಇತ್ತು. ಹೊರಗಿನ ಬೋರ್ಡಿನಲ್ಲಿ ಆ ತಜ್ಞರ ಹೆಸರಿದ್ದ ಸಾಲಿನ ಮೇಲೆ ಬಿಳಿ ಬಣ್ಣ ಬಳಿದಿದ್ದರು. ಬಣ್ಣವೂ ಹಳೆಯದಾಗಿ, ಅದರ ಅಡಿಯಿಂದ ಅಕ್ಷರಗಳು ಮಸುಕಾಗಿ ಮತ್ತೆ ಕಾಣುತ್ತಿದ್ದವು. ಕೌಂಟರಿನ ಹೆಂಗಸು ನಾವು ಹೇಳಿದ್ದು ಕೇಳಿ ತಲೆಯಾಡಿಸಿದಳು.

"ಅವರು ಬರೋದು ನಿಲ್ಸಿ ಎರಡು ವರ್ಷದ ಮೇಲಾಯ್ತಲ್ಲ ಅಮ್ಮ. ನಿಮಗ್ಯಾರು ಹೇಳಿದ್ದು?"

"ಇಂಟರ್‌ನೆಟ್ಟಲ್ಲಿ ಇದೆ. ಪ್ರತಿ ಗುರುವಾರ ಅಂತ."

"ಅಯ್ಯೋ, ಅದನ್ನ ನೋಡ್ಕೊಂಡು ಆಗಾಗ ಬರ್ತಾರೆ. ನಮ್ಮೋರೂ ಒಂದ್ಸಲ ಆ ಸೈಟಿನೋರಿಗೆ ಹೇಳಿದ್ರಂತೆ, ತೆಗೀಲಿಲ್ಲ. ಆ ಡಾಕ್ಟ್ರು ಈಗ ಹಾಸನದ ಕಣ್ಣಾಸ್ಪತ್ರೇಲೇ ಇದ್ದಾರಲ್ಲ. ದಿನಾ ಇರ್ತಾರೆ."

ಹಾಸನದಲ್ಲಿ. ದಿನಾ. ನಾನು ಕೆಂಪು ಗೆರೆ ನೋಡಿ ಬಿಟ್ಟಿದ್ದ ಅದೇ ಆಸ್ಪತ್ರೆಯಲ್ಲಿ. ಮಂಗಳವಾರ ಬೇಲೂರಿನಿಂದ ಹಾಸನದ ಬಸ್ಸು ಹತ್ತಿದ್ದರೆ ಊಟದ ಹೊತ್ತಿಗೆ ಅವರ ಮುಂದೆ ಇರುತ್ತಿದ್ದೆವು. ಆ ಹೆಂಗಸಿನ ಮೇಲೆ ಕೂಗಾಡಿದೆ. ಅವಳದೇನೂ ತಪ್ಪಿರಲಿಲ್ಲ. ಚಿಕ್ಕವ್ವ ನನ್ನ ತೋಳು ಹಿಡಿದು ಎಳೆದಳು. "ಬಾ ಮಗ, ಜಗಳಕ್ಕೆ ಆಮೇಕೆ ಬರಾನ. ಬಸ್ಸು ನೋಡು ಮೊದ್ಲು."

ಹಾಸನದ ಡಾಕ್ಟರು ಅವತ್ತು ಸಂಜೆಯೇ ನೋಡಿದರು, ಮರುದಿನವೇ ಆಪರೇಷನ್ ಮಾಡಿದರು. ಒಳ್ಳೆಯ ಮನುಷ್ಯ. ಕಣ್ಣಿಗೆ ಬೆಳಕು ಬಿಟ್ಟು ನೋಡಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. "ಮಧ್ಯದಲ್ಲಿ ಕಾಣೋದು ಯಾವಾಗ ಹೋಯ್ತು?" ಇವತ್ತು ಬೆಳಗ್ಗೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಅದಕ್ಕೆ ಮೊದಲು ಬಂದಿದ್ದರೆ ಬಹುಮಟ್ಟಿಗೆ ಉಳಿಸಬಹುದಿತ್ತು, ಈಗ ಎಷ್ಟು ಬರುತ್ತದೋ ಹೇಳಲಾರೆ ಎಂದರು. ಆ ಕಣ್ಣಿಗೆ ಬಂದದ್ದು ಬೆಳಕು ಮತ್ತು ಮುಂದೆ ಆಡಿಸಿದ ಕೈಯ ನೆರಳು. ಅಷ್ಟೇ ಉಳಿಯಿತು.

ಅಂತೂ ಚಿಕ್ಕವ್ವನನ್ನು ಮನೆಗೆ ಕರೆತಂದ ಮೇಲೆ ಆ ಸೈಟಿನವರಿಗೆ ಬರೆಯಬೇಕೆಂದು ಮತ್ತೆ ಸೈಬರ್ ಸೆಂಟರಿಗೆ ಹೋದೆ. ಅವತ್ತು ಕರೆಂಟು ಹೋಗಿ ಆಗತಾನೆ ಬಂದಿತ್ತು. ಯಜಮಾನರು ಯಂತ್ರ ಚಾಲೂ ಮಾಡಿಕೊಟ್ಟರು. ಪುಟ ತೆರೆದರೆ ನೆತ್ತಿಯ ಮೇಲೆ ಪರಿಷ್ಕರಿಸಿದ ಮಾಹಿತಿ, ಜನವರಿ ಒಂದು, ಎರಡು ಸಾವಿರದ ಎರಡು ಎಂದಿತ್ತು. ನಾನು ಕಣ್ಣುಜ್ಜಿ ನೋಡಿದೆ. ಹೋದ ತಿಂಗಳು ಅವತ್ತಿನ ತಾರೀಖು ತೋರಿಸಿದ ಪುಟ ಈಗ ಹಲವು ವರ್ಷ ಹಿಂದಕ್ಕೆ ಹೋಗಿತ್ತು.

"ಇದೇನ್ರಿ ಹಿಂಗೆ?"

ಯಜಮಾನರು ಬಗ್ಗಿ ನೋಡಿ ನಕ್ಕರು. "ಅದಾ ಮೇಡಂ, ನಮ್ ಸಿಸ್ಟಮ್ ಒಳಗಿರೋ ಬ್ಯಾಟರಿ ಹೋಗ್ಬಿಟ್ಟಿದೆ. ಕರೆಂಟ್ ಹೋದಾಗೆಲ್ಲ ತಾರೀಖು ಹಿಂದಕ್ಕೆ ಹೋಗ್ತದೆ. ಇರಿ, ಸರಿ ಮಾಡ್ತೀನಿ."

ಅವರು ಮೂಲೆಯ ಗಡಿಯಾರ ಸರಿ ಮಾಡಿದರು. ಪುಟವನ್ನು ಮತ್ತೆ ತೆರೆದೆ. ಅದು ಅವತ್ತಿನ ತಾರೀಖು ತೋರಿಸಿತು. ನನ್ನ ತಲೆಯೊಳಗೆ ಏನೋ ಕಳಚಿಕೊಂಡಿತು. "ತಾರೀಖನ್ನ ಇನ್ನೂ ಹಿಂದಕ್ಕೆ ಹಾಕಿ ನೋಡೋಣ" ಎಂದೆ. ಅವರು ಸಾವಿರದ ಒಂಬೈನೂರ ಎಂಬತ್ತೈದಕ್ಕೆ ಹಾಕಿದರು. ಪುಟ ಎಂಬತ್ತೈದರಲ್ಲಿ ಪರಿಷ್ಕರಿಸಿದ ಮಾಹಿತಿ ಎಂದಿತು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮ ಊರಿಗೆ ಫೋನೇ ಬಂದಿರಲಿಲ್ಲ. ಆ ಪುಟವನ್ನು ಯಾರೂ ಅವತ್ತು ಬೆಳಗ್ಗೆ ಕೂತು ಸರಿ ಮಾಡಿರಲಿಲ್ಲ. ನೋಡುವವನ ಕಂಪ್ಯೂಟರಿನ ಗಡಿಯಾರವನ್ನೇ ನೋಡುವವನಿಗೆ ತೋರಿಸಿ ಇದು ನಮ್ಮ ಹೊಸ ಮಾಹಿತಿ ಎಂದು ಹೇಳುತ್ತಿದ್ದರು.

ಯಜಮಾನರ ನಗು ನಿಂತಿತ್ತು. ಚಿಕ್ಕವ್ವನ ಕಣ್ಣಿನ ವಿಷಯ ಅವರಿಗೆ ಗೊತ್ತಿತ್ತು. ಅವರೇ ಪರದೆಯ ಮೇಲೆ ಬೆರಳಿಟ್ಟು, "ಮೇಡಂ, ಈ ಫೋನ್ ನಂಬರೂ ನೋಡಿ. ಮುಂದೆ ಎರಡು ಇಲ್ಲ" ಎಂದರು. ಹೌದು. ನಮ್ಮ ಕಡೆ ಎಲ್ಲ ನಂಬರುಗಳಿಗೂ ಮುಂದೆ ಎರಡರ ಅಂಕಿ ಸೇರಿಸಿ ವರ್ಷಗಳಾಗಿದ್ದವು. ಅಷ್ಟು ಹಳೆಯ ಸರಕು ಅದು. ನಾನು ಕೂತಲ್ಲೇ ಜೋರಾಗಿ ಬೈದೆ. ಶಾಲೆಯ ಟೀಚರು ಬಾಯಲ್ಲಿ ಆಡಬಾರದ ಮಾತು. ಪಕ್ಕದ ಯಂತ್ರದಲ್ಲಿ ಕೂತಿದ್ದ ವಿದೇಶಿ ಹೆಂಗಸು ತಿರುಗಿ ನೋಡಿದಳು.

ಸೈಟಿನವರಿಗೆ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು, ಒಂದು ನಿಮಿಷವೂ ಆಗುವ ಮೊದಲೇ. ಅದೂ ಯಂತ್ರದ್ದೇ. ಮತ್ತೆ ಬರೆದೆ, ಅದೇ ಧನ್ಯವಾದ. ಬೇಸಿಗೆ ರಜೆಗೆ ಕಾದು, ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೊರಟೆ. ಚಿಕ್ಕವ್ವ ತಾನೂ ಬರುತ್ತೇನೆಂದಳು. "ನಿನ್ನೊಬ್ಬಳನ್ನೇ ಬಿಟ್ರೆ ಯಾರ್ನಾದ್ರೂ ಹೊಡೀತೀಯ" ಎಂದಳು.

ಆಫೀಸು ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೂವತ್ತರ ಆಸುಪಾಸಿನ ಮ್ಯಾನೇಜರು ನಮ್ಮನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ನೀರು ತರಿಸಿಕೊಟ್ಟ. ಮರ್ಯಾದಸ್ಥ. ಅದೇ ನನಗೆ ಇನ್ನೂ ಕೋಪ ತರಿಸಿತು.

"ಡೇಟಾ ನಾವು ಮಾಡೋದಲ್ಲ ಮೇಡಂ. ಒಂದು ಏಜೆನ್ಸಿಯಿಂದ ತಗೊಂಡಿದ್ವಿ."

"ಯಾವಾಗ?"

"ಸೈಟ್ ಸ್ಟಾರ್ಟ್ ಮಾಡಿದಾಗ."

"ಆಮೇಲೆ ಯಾರಾದ್ರೂ ಒಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದೀರಾ?"

"ಸಾವಿರಾರು ಹಾಸ್ಪಿಟಲ್ ಇದೆ ಮೇಡಂ. ಅವರು ಅಪ್‌ಡೇಟ್ ಕಳಿಸಿದ್ರೆ ನಾವು ಚೇಂಜ್ ಮಾಡ್ತೀವಿ."

"ಅರಸೀಕೆರೆಯವರು ಹೇಳಿದ್ದಾರೆ. ನೀವು ಮಾಡಿಲ್ಲ."

"ಚೆಕ್ ಮಾಡಿಸ್ತೀನಿ."

"ಹೋಗಲಿ, ಮೇಲೆ ಇವತ್ತಿನ ತಾರೀಖು ಯಾಕೆ ಹಾಕಿದ್ದೀರಿ?"

ಅವನು ಸ್ವಲ್ಪ ತಡವರಿಸಿದ. "ಅದು ಡಿಸೈನ್ ಮೇಡಂ. ಸೈಟು ಫ್ರೆಶ್ ಆಗಿ ಕಾಣ್ಲಿ ಅಂತ. ಕೆಳಗಡೆ ಬರೆದಿದ್ದೀವಲ್ಲ, ಮಾಹಿತಿಗೆ ನಾವು ಜವಾಬ್ದಾರರಲ್ಲ, ನೀವೇ ಖಚಿತಪಡಿಸ್ಕೊಳ್ಳಿ ಅಂತ."

ಅವನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಪುಟದ ತೀರಾ ಬುಡದಲ್ಲಿ, ಬೂದು ಬಣ್ಣದಲ್ಲಿ, ಇರುವೆಯಷ್ಟು ಅಕ್ಷರ. ಎರಡೂ ಕಣ್ಣು ಚೆನ್ನಾಗಿದ್ದ ನಾನೇ ಮೂಗು ತಾಗುವಷ್ಟು ಬಗ್ಗಿ ಓದಬೇಕಾಯಿತು.

"ತಾರೀಖು ಇಷ್ಟು ದಪ್ಪ, ಇದು ಇಷ್ಟು ಸಣ್ಣ. ಇದೂ ಡಿಸೈನಾ?"

ಚಿಕ್ಕವ್ವ ಮೆಲ್ಲಗೆ ಕೇಳಿದಳು. "ಅಂಗನವಾಡಿಗೆ ಬರೋ ಹಿಟ್ಟಿನ ಪ್ಯಾಕೀಟಿನ ಮ್ಯಾಲೆ ತಯಾರಾದ್ ದಿನ ಬರ್ದಿರ್ತಾರೆ ಕಣಪ್ಪ. ನಾವು ಬಿಚ್ಚಿದ್ ದಿನ ಬರಿಯಾಕಿಲ್ಲ. ನಿಂದ್ರಾಗೆ ಹಂಗೆ ಬರಿಯಾಕೆ ಆಗಾಕಿಲ್ವಾ?"

ಅವನು ನಾಚಿಕೆಯಿಂದ ತಲೆ ತಗ್ಗಿಸಿದ ಎಂದು ಬರೆಯುವ ಆಸೆ ನನಗೆ. ತಗ್ಗಿಸಲಿಲ್ಲ. "ಒಳ್ಳೆ ಸಜೆಷನ್ ಅಮ್ಮ, ಟೀಮಿಗೆ ಹೇಳ್ತೀನಿ" ಎಂದ. ಆಗ ಅವನ ಫೋನ್ ರಿಂಗಾಯಿತು. ಹೊರಡುವಾಗ ಚಿಕ್ಕವ್ವನೇ ಅವನಿಗೆ "ಹೋಗ್ಲಿ ಬಿಡಪ್ಪ, ಬತ್ತೀವಿ" ಎಂದು ಕೈ ಮುಗಿದಳು. ಮೆಟ್ಟಿಲಿಳಿಯುವಾಗ ನಾನು ಅವಳ ಮೇಲೂ ಸಿಡುಕಿದೆ. ಯಾಕೆ ಕೈ ಮುಗಿದೆ, ಯಾರಿಗೆ ಮುಗಿದೆ ಎಂದು.

ಒಂದೆರಡು ವಾರದ ಮೇಲೆ ಸೈಟು ನೋಡಿದೆ. ಅರಸೀಕೆರೆಯ ಆ ಆಸ್ಪತ್ರೆಯನ್ನೇ ತೆಗೆದುಹಾಕಿದ್ದರು, ಪೂರ್ತಿಯಾಗಿ. ಅಲ್ಲಿ ಪೊರೆಯ ಆಪರೇಷನ್ ಚೆನ್ನಾಗಿಯೇ ಮಾಡುತ್ತಿದ್ದರು, ಅದೂ ಹೋಯಿತು. ಹಾಸನದ ಮುಂದಿನ ಕೆಂಪು ಗೆರೆ ಹಾಗೆಯೇ ಇತ್ತು. ನೆತ್ತಿಯ ಮೇಲೆ ಅವತ್ತಿನ ತಾರೀಖು ಹಾಗೆಯೇ ಹೊಳೆಯುತ್ತಿತ್ತು. ಒಂದು ದಿನಪತ್ರಿಕೆಗೆ ಓದುಗರ ಪತ್ರ ಬರೆದೆ. ಅವರು ಅದನ್ನು ಮೂರು ಸಾಲಿಗೆ ಕತ್ತರಿಸಿ, ಸಾರ್ವಜನಿಕರು ಅಂತರ್ಜಾಲದ ಮಾಹಿತಿಯ ಬಗ್ಗೆ ಎಚ್ಚರದಿಂದಿರಬೇಕು ಎಂಬ ಅರ್ಥ ಬರುವಂತೆ ಮಾಡಿ ಹಾಕಿದರು. ನಾನು ಬರೆದದ್ದು ಅದಲ್ಲವೇ ಅಲ್ಲ. ಎಚ್ಚರದಿಂದಿರಬೇಕಾದವರು ಸಾರ್ವಜನಿಕರು ಅಲ್ಲ ಎಂದು ಬರೆದಿದ್ದೆ.

ಶಾಲೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಹೆಂಡತಿಗೆ ಥೈರಾಯ್ಡ್ ಡಾಕ್ಟರನ್ನು ಹುಡುಕುತ್ತಿದ್ದರು. ಅದೇ ಥರದ ಇನ್ನೊಂದು ಸೈಟಿನಿಂದ ಹೆಸರು ಬರೆದುಕೊಂಡು ಬಂದು ಸ್ಟಾಫ್ ರೂಮಿನಲ್ಲಿ ತೋರಿಸಿದರು. ಅವರ ಕೈಯಿಂದ ಚೀಟಿ ಕಿತ್ತುಕೊಂಡು ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಬರ್ತಾರೆ ಬನ್ನಿ ಎಂದಳು ಆ ಕಡೆಯ ಹುಡುಗಿ. ಬರ್ತಾರೆ ಅನ್ನೋದು ಬೇಡ, ಕಡೆಯ ಸಲ ಯಾವತ್ತು ಬಂದಿದ್ರು ಹೇಳಮ್ಮ ಎಂದೆ. ಅವಳು ಕೇಳಿಬಂದು, ಆ ಡಾಕ್ಟರು ದಸರಾಕ್ಕೆ ಮುಂಚೆ ಬಿಟ್ಟುಹೋದರಂತೆ ಎಂದಳು. ಸಹೋದ್ಯೋಗಿ, "ನೀವು ಹೀಗೆ ಪೊಲೀಸರ ಥರ ಕೇಳಿದ್ರೆ ಹೆಂಗೆ ಮೇಡಂ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಯಾವ ಪುಟ ತೆರೆದರೂ ಮೇಲಿನ ತಾರೀಖನ್ನು ನಾನು ನೋಡುವುದಿಲ್ಲ. ಕೆಳಗೆ ಯಾರಾದರೂ ರೋಗಿ ಬರೆದಿದ್ದರೆ ಅವನು ಬರೆದದ್ದು ಯಾವ ವರ್ಷ, ಫೋನ್ ನಂಬರು ಸರಿಯಿದೆಯೇ, ಅದನ್ನು ನೋಡುತ್ತೇನೆ. ಆಮೇಲೂ ನಂಬುವುದಿಲ್ಲ.

ಈ ಎಲ್ಲದರಲ್ಲೂ ಚಿಕ್ಕವ್ವ ಒಂದು ದಿನವೂ ದನಿ ಎತ್ತಿರಲಿಲ್ಲ. ಒಂದು ಕಣ್ಣೈತಲ್ಲ ಎನ್ನುತ್ತಿದ್ದಳು. ಮೊಪೆಡ್ ಓಡಿಸಬೇಡ ಎಂದರೆ ಕೇಳಲಿಲ್ಲ. ಮುಂದಿನ ವರ್ಷ ಹುಲಿಕೆರೆಯಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ನಾನು ಅವಳ ಹಿಂದೆ ಕೂತು ಹೊರಟೆ. ಊರು ಇನ್ನೇನು ಬಂತು ಎನ್ನುವಾಗ, ಎದುರಿಗೆ ನಿಂತಿದ್ದ ಎತ್ತಿನ ಗಾಡಿಯನ್ನು ದಾಟಲು ಅವಳು ಬಲಕ್ಕೆ ತಿರುಗಿಸಿದಳು. ಹಿಂದಿನಿಂದ ಟ್ರ್ಯಾಕ್ಟರೊಂದು ನಮ್ಮ ಬಲಗಡೆಗೇ ನುಗ್ಗಿ ಬರುತ್ತಿತ್ತು. ಅವಳಿಗೆ ಕಾಣಲಿಲ್ಲ. ನಾನು ಕಿರುಚಿದೆ. ಹ್ಯಾಂಡಲ್ ಎಳೆದ ರಭಸಕ್ಕೆ ಗಾಡಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಟ್ರ್ಯಾಕ್ಟರಿನವನು, "ಕಣ್ ಕಾಣಾಕಿಲ್ವೇನಮ್ಮ?" ಎಂದು ಕೂಗಿಕೊಂಡೇ ಹೋದ.

ಚಿಕ್ಕವ್ವ ಗಾಡಿಯಿಂದ ಇಳಿದಳು. ಅದಕ್ಕೆ ಸ್ಟ್ಯಾಂಡು ಹಾಕಲೂ ಇಲ್ಲ, ನಾನು ಹಿಡಿದುಕೊಂಡೆ.

"ಕಾಣಾಕಿಲ್ಲ ಕಣೋ!" ಎಂದು ಅವಳು ಹೋದ ಟ್ರ್ಯಾಕ್ಟರಿನ ಕಡೆಗೆ ಕೂಗಿದಳು. "ಕಾಣಾಕಿಲ್ಲ! ಕಾಣ್ತಿತ್ತು, ಕಳುದ್ರು! ಆ ನನ್ಮಗ ನೀರು ಕುಡಿಯಾಕೆ ಕೊಟ್ಟ, ನಾನು ಕೈ ಮುಗ್ದೆ! ನಂಗ್ಯಾಕೆ ಬೇಕಿತ್ತು ಅವನ ನೀರು?"

ಅವಳ ಕುತ್ತಿಗೆಯ ನರ ಉಬ್ಬಿತ್ತು. ರಸ್ತೆಯ ಮಣ್ಣನ್ನು ಕಾಲಿನಿಂದ ಒದ್ದಳು. ಕಾರ್ಯಕ್ಕೆ ಹೋಗುತ್ತಿದ್ದ ಇನ್ನಿಬ್ಬರು ಹೆಂಗಸರು ನಿಂತು ನೋಡಿದರು. ನಾನು ಸಮಾಧಾನ ಮಾಡಲಿಲ್ಲ. ಅವಳು ಸುಸ್ತಾಗುವವರೆಗೆ ಬೈಯಲಿ ಎಂದು ಗಾಡಿ ಹಿಡಿದು ನಿಂತೆ.

ಸುಸ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಈ ಗಾಡಿ ನೀನೇ ಕಲ್ತ್ಕೋ ಕಣೆ. ನಾನು ಹಿಂದೆ ಕುಂತ್ಕತೀನಿ" ಎಂದಳು.

ಅವತ್ತು ನನಗೆ ಓಡಿಸಲು ಬರುತ್ತಿರಲಿಲ್ಲ. ಊರೊಳಗಿನವರೆಗೂ ಗಾಡಿ ತಳ್ಳಿಕೊಂಡೇ ಹೋದೆವು. ಕಾರ್ಯದ ಮನೆಯವರು ಯಾಕಿಷ್ಟು ತಡ ಎಂದು ಕೇಳಿದರು. ನಾನು ಗಾಡಿಗೆ ಸ್ಟ್ಯಾಂಡು ಹಾಕಿದೆ.